ದಿಬ್ಬದ ಮನೆಯವರು ಕರೆದ ಹೆಸರು

ಮದುವೆಯಾಗಿ ಈ ಊರಿಗೆ ಬಂದ ಮರುದಿನ ಬೆಳಿಗ್ಗೆ ನನ್ನ ಓರಗಿತ್ತಿ ಚಂಪಕ್ಕ ಕೈಗೆ ಪೊರಕೆ ಕೊಟ್ಟು ಅಂಗಳದಲ್ಲಿ ಬಿದ್ದಿದ್ದ ಬೂದು ಬಣ್ಣದ ಪುಡಿಯನ್ನು ತೋರಿಸಿದಳು. ರಂಗೋಲಿ ಪುಡಿಗಿಂತ ನಯ, ಒಲೆಯ ಬೂದಿಗಿಂತ ಭಾರ. ಬೆರಳಲ್ಲಿ ಮುಟ್ಟಿದರೆ ಒಂದಿಷ್ಟು ಬೆಚ್ಚಗಿತ್ತು. ಇದೇನಕ್ಕ ಎಂದು ಕೇಳಿದೆ. ನಿನ್ನೆಯ ಮಾತು, ಒಂದಕ್ಕೊಂದು ಡಿಕ್ಕಿ ಹೊಡೆದು ಉದುರಿದೆ, ಹಪ್ಪಳ ಹಾಕುವ ದಿನ ಮಾತ್ರ ಸ್ವಲ್ಪ ಹುಷಾರಾಗಿರಬೇಕು ಎಂದಳು. ನನಗೆ ಸಿಕ್ಕ ವಿವರಣೆ ಅಷ್ಟೇ. ಅದಕ್ಕಿಂತ ಹೆಚ್ಚು ಬೇಕು ಎಂದು ಆಮೇಲೂ ಅನಿಸಲಿಲ್ಲ.

ಊರು ಒಂದು ಉದ್ದನೆಯ ದಿಬ್ಬದ ಎರಡೂ ಮಗ್ಗುಲಿಗೆ ಇಳಿದುಕೊಂಡಿದೆ. ಮೂಡಲ ಮಗ್ಗುಲಲ್ಲಿ ಪೇಟೆ, ಎಣ್ಣೆಗಾಣ, ಶಾಲೆ, ಒತ್ತೊತ್ತಾಗಿ ಕಟ್ಟಿದ ಮನೆಗಳು. ಪಡುವಣ ಮಗ್ಗುಲಲ್ಲಿ ಮನೆಗಳು ಕಡಿಮೆ. ನೇಯುವವರು, ಹೊಲಿಯುವವರು, ಬುಟ್ಟಿ ಹೆಣೆಯುವವರು ಅಲ್ಲಿದ್ದಾರೆ. ದಿಬ್ಬದ ನೆತ್ತಿಯ ಮೇಲೆ ನಮ್ಮದೊಂದೇ ಮನೆ. ಪ್ರತಿ ಮನೆಯಲ್ಲೂ ಒಂದು ರೇಡಿಯೊ ಪೆಟ್ಟಿಗೆ, ಮಾಡಿನ ಮೇಲೆ ಬಿದಿರಿನ ಗಳು, ಅದರ ತುದಿಗೆ ಸುತ್ತಿದ ತಾಮ್ರದ ತಂತಿ. ಗುಂಡಿ ಒತ್ತಿ ಮಾತಾಡಿದರೆ ಆ ಮಗ್ಗುಲಿನ ಎಲ್ಲ ಮನೆಗಳಿಗೂ ಕೇಳಿಸುತ್ತದೆ. ಇದಕ್ಕೆ ಯಾರ ಅಪ್ಪಣೆಯೂ ಬೇಡ, ಯಾರಿಗೂ ಕಂದಾಯ ಕಟ್ಟಬೇಕಿಲ್ಲ. ಗಾಳಿಗೆ ಪಟ್ಟಾ ಇಲ್ಲ ಎಂಬುದು ಇಲ್ಲಿನ ಗಾದೆ. ಆದರೆ ಈ ಗಾಳಿ ಒಂದು ಸಲಕ್ಕೆ ಒಂದೇ ದನಿಯನ್ನು ಹೊರುತ್ತದೆ. ಎರಡು ದನಿ ಒಟ್ಟಿಗೆ ಬಂದರೆ ಎರಡನ್ನೂ ಕೆಳಗೆ ಹಾಕುತ್ತದೆ.

ಹಾಗಾಗಿ ಊರಿಗೆ ಅದರದೇ ಆದ ಮರ್ಯಾದೆಗಳಿದ್ದವು. ಗುಂಡಿ ಒತ್ತುವ ಮೊದಲು ಕಿವಿಗೊಡಬೇಕು. ಯಾರೂ ಮಾತಾಡುತ್ತಿಲ್ಲ ಎಂದು ಖಾತ್ರಿಯಾದ ಮೇಲೂ ಮನಸ್ಸಿನಲ್ಲೇ ಒಂದು ಹಾಡಿನ ಸಾಲು ಹೇಳಿಕೊಳ್ಳಬೇಕು. ಒಬ್ಬೊಬ್ಬರ ಹಾಡು ಒಂದೊಂದು, ಒಂದು ಸಾಲು ಗಿಡ್ಡ, ಇನ್ನೊಂದು ಉದ್ದ, ಹಾಗಾಗಿ ಇಬ್ಬರ ಬಾಯಿ ಒಟ್ಟಿಗೆ ತೆರೆಯುವುದು ಅಪರೂಪ. ಮಾತು ಒಗ್ಗರಣೆಯ ಸಾಸಿವೆ ಸಿಡಿದು ಮುಗಿಯುವಷ್ಟು ಹೊತ್ತು ಮಾತ್ರ. ಡಿಕ್ಕಿಯಾದರೆ ಮುಂದಿನ ಸಲ ಎರಡು ಸಾಲು ಕಾಯಬೇಕು, ಮತ್ತೂ ಆದರೆ ಅದರ ಎರಡರಷ್ಟು. ಇನ್ನೊಬ್ಬರಿಗೆಂದು ಆಡಿದ ಮಾತು ನಿಮ್ಮ ಕಿವಿಗೆ ಬಿದ್ದರೆ ಅದು ನಿಮಗೆ ಕೇಳಿಸಿಲ್ಲ. ಮೂಡಲದ ಹೆಂಗಸೊಬ್ಬಳು ಮಗಳಿಗೆ ಬೈದದ್ದನ್ನು ಇಡೀ ಮಗ್ಗುಲು ಕೇಳಿ, ಸಂಜೆ ಅದೇ ಹೆಂಗಸು ಎದುರಾದಾಗ 'ಮಗಳು ಚೆನ್ನಾಗಿದಾಳಾ' ಎಂದು ಕೇಳುವ ಊರು ಇದು. ತವರಿನಲ್ಲಿ ನಾನು ಹೀಗೆ ಬದುಕುವ ಜನರನ್ನು ನೋಡಿರಲಿಲ್ಲ. ಈಗಲೂ ನೆನೆದರೆ ನನಗೆ ಅವರ ಮೇಲೆ ಒಂದು ಬಗೆಯ ಭಕ್ತಿ ಬರುತ್ತದೆ.

ಮೂಡಲದ ದನಿ ದಿಬ್ಬ ದಾಟಿ ಪಡುವಣಕ್ಕೆ ಇಳಿಯುವುದಿಲ್ಲ, ಪಡುವಣದ್ದು ಮೂಡಲಕ್ಕೂ ಬರುವುದಿಲ್ಲ. ನೆತ್ತಿಯ ಮೇಲಿರುವ ನಮಗೆ ಮಾತ್ರ ಎರಡೂ ಕೇಳಿಸುತ್ತವೆ. ಆ ಕಡೆಯ ಮಾತನ್ನು ಈ ಕಡೆಗೆ ದಾಟಿಸುವುದು ದಿಬ್ಬದ ಮನೆಯ ಹೆಂಗಸರ ಕೆಲಸ. ಭಾವನವರೂ ನಮ್ಮ ಯಜಮಾನರೂ ಊರಿಗೆಲ್ಲ ಗಳು ನೆಟ್ಟು ತಂತಿ ಬಿಗಿಯುತ್ತಿದ್ದರು. ಪೆಟ್ಟಿಗೆಯ ಮುಂದೆ ಸರದಿಯಂತೆ ಚಂಪಕ್ಕ ಮತ್ತು ನಾನು ಕೂರುತ್ತಿದ್ದೆವು. ಕೇಳಿದ್ದನ್ನು ಕೇಳಿದ ಹಾಗೆಯೇ ನಮ್ಮ ದನಿಯಲ್ಲಿ ಹೇಳಬೇಕು. ಹೇಳಿದವರಿಗೆ 'ಕೇಳಿಸಿತು' ಎಂಬ ಒಂದು ಪದವನ್ನು ವಾಪಸು ಕೊಡಬೇಕು. ಅದೊಂದನ್ನು ಬಿಟ್ಟರೆ ದಿಬ್ಬದ ಮನೆಯವರಿಗೆ ಗಾಳಿಯಲ್ಲಿ ಸ್ವಂತ ಮಾತಿಲ್ಲ. ದಾಟಿಸುವವರು ತಮ್ಮ ಮಾತನ್ನೂ ಸೇರಿಸಿದರೆ ಯಾವುದು ಯಾರದೆಂದು ತಿಳಿಯುವುದು ಹೇಗೆ ಎಂದು ಹಿಂದಿನವರು ಕಟ್ಟು ಹಾಕಿದ್ದರು. ಕಟ್ಟು ಮುರಿದರೆ ನಮ್ಮ ಗಳು ಇಳಿಸುತ್ತಾರೆ.

ಅತ್ತೆ ತೀರಿಕೊಂಡಾಗಲೂ ಸುದ್ದಿಯನ್ನು ನಾವು ಗಾಳಿಗೆ ಹಾಕಲಿಲ್ಲ. ಭಾವನವರು ಪಡುವಣಕ್ಕೆ ಇಳಿದು ಹೋಗಿ ಮೊದಲು ಸಿಕ್ಕ ಮನೆಯವರಿಗೆ ಹೇಳಿದರು. ಅವರು ಗುಂಡಿ ಒತ್ತಿ ಹೇಳಿದರು. ಅದನ್ನು ನಾನು ಮೂಡಲಕ್ಕೆ ದಾಟಿಸಿದೆ. 'ದಿಬ್ಬದ ಮನೆಯ ಹಿರಿಯಮ್ಮ ಹೋದರಂತೆ' ಎಂದು, ಅವರು ಹೇಳಿದ ಹಾಗೆಯೇ 'ಅಂತೆ' ಎಂಬುದನ್ನೂ ಬಿಡದೆ, ನಡುಮನೆಯಲ್ಲಿ ಮಲಗಿಸಿದ್ದ ಅತ್ತೆಯ ಪಾದ ನೋಡುತ್ತಾ ಹೇಳಿದೆ. ಇನ್ನೊಬ್ಬರ ಬಾಣಂತನ, ಇನ್ನೊಬ್ಬರ ಜಗಳ, ಇನ್ನೊಬ್ಬರ ಮುನಿಸು ಎಲ್ಲವೂ ನನ್ನ ಗಂಟಲಿನಿಂದ ದಾಟಿವೆ. ಪ್ರಾಯದಲ್ಲಿ ಒಮ್ಮೊಮ್ಮೆ ಹೆದರಿಕೆಯಾಗುತ್ತಿತ್ತು. ಇಷ್ಟೆಲ್ಲ ಮಾತು ಹೊತ್ತ ದನಿಗೆ ನನ್ನದೇ ಒಂದು ಮಾತು ಹೊರಬೇಕಾದ ದಿನ ದಾರಿ ಗೊತ್ತಿರುತ್ತದೆಯೇ ಎಂದು.

ನಾನು ಹೇಳಬೇಕೆಂದಿರುವುದು ಕುಸುಮಾಳ ಸಂಗತಿ. ಪಡುವಣ ಇಳಿಜಾರಿನ ಕಟ್ಟಕಡೆಯ ಮನೆ ಅವಳದು. ಚಿಕ್ಕ ವಯಸ್ಸಿನಲ್ಲೇ ಗಂಡ ಹೋದ. ಅಂದಿನಿಂದ ಒಂದು ಕಿಟಕಿಯ ಎದುರು ಹೊಲಿಗೆ ಮೆಷಿನ್ನು ಇಟ್ಟುಕೊಂಡು ಎರಡೂ ಮಗ್ಗುಲಿನ ಹೆಂಗಸರಿಗೆ ರವಿಕೆ ಹೊಲಿಯುತ್ತಿದ್ದಳು. ಮಾತು ಕಡಿಮೆ. ಅಳತೆ ತೆಗೆಯುವಾಗಲೂ ಟೇಪನ್ನು ಮೆಲ್ಲಗೆ ಸರಿಸಿ, ಮೈಗೆ ಕೈ ತಾಗಿದರೆ ತಪ್ಪಾಯಿತೇನೋ ಎನ್ನುವ ಹಾಗೆ ಹಿಂದಕ್ಕೆ ಎಳೆದುಕೊಳ್ಳುತ್ತಿದ್ದಳು. ಮೂಡಲ ಪೇಟೆಯಲ್ಲಿ ಗಡಿಯಾರ ರಿಪೇರಿಯ ಪರಮೇಶಿ ಎಂಬವನಿದ್ದ. ನಲವತ್ತು ದಾಟಿತ್ತು, ಮದುವೆಯಾಗಿರಲಿಲ್ಲ. ಅವಳ ಮೆಷಿನ್ನು ಕೆಟ್ಟಾಗ ಅದನ್ನು ತಲೆಯ ಮೇಲೆ ಹೊತ್ತು ದಿಬ್ಬ ಹತ್ತಿ ಒಯ್ದವನು, ಸರಿಮಾಡಿ ಮತ್ತೆ ಹೊತ್ತು ತಂದವನು ಅವನೇ. ಆಮೇಲೆ ಮೆಷಿನ್ನು ಕೆಡದೆ ಇದ್ದಾಗಲೂ ಎಣ್ಣೆ ಬಿಡುವ ನೆಪದಲ್ಲಿ ಎರಡು ಸಲ ದಿಬ್ಬ ದಾಟಿದ್ದ. ಎರಡು ಸಲವೂ ನಮ್ಮ ಜಗಲಿಯಲ್ಲಿ ಕೂತು ನೀರು ಕುಡಿದು, ಹವೆಯ ವಿಷಯ ಬಿಟ್ಟು ಬೇರೇನನ್ನೂ ಮಾತಾಡಿರಲಿಲ್ಲ.

ಒಂದು ಬೆಳಿಗ್ಗೆ ನಾನು ಪೆಟ್ಟಿಗೆಯ ಮುಂದಿದ್ದಾಗ ಅವನ ದನಿ ಬಂತು. 'ಮೂಡಲ ಪರಮೇಶಿ. ಪಡುವಣ ಕುಸುಮಾಗೆ. ನನ್ನನ್ನು ಮದುವೆಯಾಗ್ತೀರಾ ಅಂತ ಕೇಳ್ತಿದ್ದೀನಿ.' ಅಷ್ಟೇ. ಸಾಸಿವೆ ಸಿಡಿಯುವುದಕ್ಕೂ ಮೊದಲೇ ಮುಗಿಸಿದ್ದ. ನಾನು 'ಕೇಳಿಸಿತು' ಎಂದೆ. ಒಂದು ಸಾಲು ಹೇಳಿಕೊಂಡು ಅದನ್ನೇ ಪಡುವಣಕ್ಕೆ ದಾಟಿಸಿದೆ. 'ನನ್ನನ್ನು ಮದುವೆಯಾಗ್ತೀರಾ' ಎಂದು ನನ್ನ ಬಾಯಿಂದ ಆಚೆ ಬರುವಾಗ ಮುಖ ಬಿಸಿಯಾಯಿತು. ಯಾರೂ ನನ್ನನ್ನು ಹಾಗೆ ಕೇಳಿರಲಿಲ್ಲ. ನನ್ನ ಮದುವೆಯಲ್ಲಿ ಕೇಳಿದ್ದು ಅಪ್ಪನನ್ನು.

ಗಾಳಿಯಲ್ಲಿ ಕೇಳಿದ್ದಕ್ಕೆ ಗಾಳಿಯಲ್ಲೇ ಉತ್ತರ ಕೊಡಬೇಕು. ಇಡೀ ಊರಿನ ಕಿವಿಯ ಮುಂದೆ ಆಡಿದ ಮಾತನ್ನು ಆಮೇಲೆ ಯಾರೂ ಇಲ್ಲ ಎನ್ನಲಾಗದು ಎಂಬುದು ಇದರ ಹಿಂದಿನ ಯೋಚನೆ. ಮದುವೆಯ ಮಾತಿಗಂತೂ ಇದು ಕಟ್ಟುನಿಟ್ಟು. ಕೇಳಿದ ಮಾತು ಮುಂದಿನ ಹುಣ್ಣಿಮೆಯವರೆಗೆ ಜೀವಂತ. ಹುಣ್ಣಿಮೆ ಕಳೆದರೆ ಹಳಸಿತು ಎಂದು ಲೆಕ್ಕ. ಅದೇ ಮಾತನ್ನು ಅದೇ ಹೆಣ್ಣಿಗೆ ಮತ್ತೆ ಕೇಳುವಂತಿಲ್ಲ.

ಮರುದಿನ ಬೆಳಿಗ್ಗೆ 'ಪಡುವಣ ಕುಸು' ಎಂದು ಶುರುವಾಯಿತು. ಅಷ್ಟರಲ್ಲಿ ಎಣ್ಣೆಗಾಣದ ರುದ್ರಣ್ಣನ ಭಾರದ ದನಿ ಮೂಡಲದಿಂದ ಎದ್ದಿತು. 'ಹೊಸ ಗಾಣದ ಹುಚ್ಚೆಳ್ಳೆಣ್ಣೆ' ಎಂದದ್ದು ಕೇಳಿತು. ಮಿಕ್ಕದ್ದು ಗರಗಸ ಕೊಯ್ದಂಥ ಸದ್ದು. ಅಂಗಳದಲ್ಲಿ ಪುಡಿ ಉದುರಿತು. 'ಕೇಳಿಸಿತು' ಎನ್ನಲು ನನಗೆ ಏನೂ ಕೇಳಿಸಿರಲಿಲ್ಲ. ಕುಸುಮಾಗೆ ರುದ್ರಣ್ಣನ ದನಿ ಕೇಳುವುದಿಲ್ಲ, ರುದ್ರಣ್ಣನಿಗೆ ಅವಳದು ಕೇಳುವುದಿಲ್ಲ. ಇಬ್ಬರೂ ಕಿವಿಗೊಟ್ಟೇ ಗುಂಡಿ ಒತ್ತಿದ್ದರು. ಅವರವರ ಕಡೆ ಗಾಳಿ ಸುಮ್ಮನಿತ್ತು. ರುದ್ರಣ್ಣನ ಮಾತು ಮೂಡಲದ ಗಿರಾಕಿಗಳಿಗೆ ಸಲೀಸಾಗಿ ತಲುಪಿತು, ಅದು ನಮ್ಮ ನೆತ್ತಿಯಲ್ಲಿ ಯಾರನ್ನೋ ಹೊಡೆದುರುಳಿಸಿತು ಎಂಬುದು ಅವನಿಗೆ ತಿಳಿಯುವ ದಾರಿಯೇ ಇರಲಿಲ್ಲ. ತಿಳಿದದ್ದು ಅವಳಿಗೆ ಮಾತ್ರ, ನಮ್ಮ 'ಕೇಳಿಸಿತು' ಬಾರದೆ ಹೋದದ್ದರಿಂದ.

ಅವಳು ಮರ್ಯಾದೆ ತಪ್ಪದ ಹೆಣ್ಣು. ಎರಡು ಸಾಲು ಕಾದಳು. ಮತ್ತೆ ಡಿಕ್ಕಿ. ನಾಲ್ಕು ಸಾಲು ಕಾದಳು. ಅಷ್ಟರಲ್ಲಿ ಪೇಟೆ ತೆರೆದು ಮೂಡಲದಲ್ಲಿ ಮಾತು ಜೇನುಗೂಡಿನಂತೆ ಎದ್ದಿತ್ತು. ಹೀಗೆ ದಿನಗಳು ಕಳೆದವು. ದಿನಕ್ಕೊಮ್ಮೆ, ಆಮೇಲೆ ಎರಡು ದಿನಕ್ಕೊಮ್ಮೆ 'ಪಡುವಣ ಕುಸು' ಎಂಬ ತುಣುಕು, ಹಿಂದೆಯೇ ಗರಗಸದ ಸದ್ದು. ಬೆಳಿಗ್ಗೆ ಪೊರಕೆ ಹಿಡಿದಾಗ ನಾನು ಗುಡಿಸುತ್ತಿರುವುದು ಅವಳ ಉತ್ತರ ಎಂದು ನನಗೆ ಗೊತ್ತಿರುತ್ತಿತ್ತು. ಹೌದೋ ಅಲ್ಲವೋ ಪುಡಿ ನೋಡಿ ಹೇಳಲಾಗದು. ತಿಪ್ಪೆಗೆ ಹಾಕಲು ಮನಸ್ಸು ಬಾರದೆ ಮಲ್ಲಿಗೆ ಬಳ್ಳಿಯ ಬುಡಕ್ಕೆ ಸುರಿಯುತ್ತಿದ್ದೆ.

ಚಂದ್ರ ದುಂಡಗಾಗುತ್ತಾ ಬಂದಾಗ ತಡೆಯಲಾರದೆ ರವಿಕೆಯ ಅಳತೆಯ ನೆಪ ಮಾಡಿಕೊಂಡು ಪಡುವಣಕ್ಕೆ ಇಳಿದೆ. ಅವಳು ಟೇಪು ಹಿಡಿದು ನನ್ನ ಬೆನ್ನ ಹಿಂದೆ ನಿಂತಿದ್ದಳು. ಹೆಂಗಸರು ಹೇಳಬೇಕಾದ್ದನ್ನು ಹೇಳುವುದು ಹೆಚ್ಚಾಗಿ ಹೀಗೆ ಮುಖ ಕಾಣದಿರುವಾಗಲೇ.

"ನಾನು ಬಾಯಲ್ಲೇ ದಾಟಿಸ್ತೀನಿ ಕುಸುಮಾ. ನನ್ನ ಕಿವೀಲಿ ಹೇಳಿಬಿಡು, ಪರಮೇಶಿ ಅಂಗಡಿಗೆ ಹೋಗಿ ಹೇಳಿ ಬರ್ತೀನಿ," ಎಂದೆ.

"ಬೇಡಿ ವಾರಿಜಕ್ಕ. ಕದ್ದು ಹೇಳಿದ ಹಂಗಾಗುತ್ತೆ. ಅವರು ಊರೆಲ್ಲ ಕೇಳೋ ಹಂಗೆ ಕೇಳಿದಾರೆ."

"ಹಂಗಾದ್ರೆ ಇಷ್ಟೊಂದು ಕಾಯಬೇಡ. ಒಂದು ದಿನ ನಾಲ್ಕು ಸಲ ಗುಂಡಿ ಒತ್ತು. ಒಂದಾದ್ರೂ ದಾಟುತ್ತೆ."

ಅವಳು ಟೇಪನ್ನು ಸುರುಳಿ ಸುತ್ತಿದಳು. "ಡಿಕ್ಕಿ ಆದ್ರೆ ಕಾಯಬೇಕು ಅಂತ ಅಲ್ವಾ ಇರೋದು. ನನಗೆ ಗೊತ್ತಿರೋ ಹಾಡೆಲ್ಲ ಮುಗಿದ್ವು ಅಕ್ಕ. ಬೀಸೋ ಪದ, ಜೋಗುಳ ಎಲ್ಲ ಹೇಳ್ಕೊಂಡಾಯ್ತು. ಇಷ್ಟು ಸಲ ತಡೀತಿದೆ ಅಂದ್ರೆ ಬೇಡ ಅಂತಾನೇ ಇರಬೇಕು."

ಯಾರಿಗೆ ಬೇಡ ಎಂದು ನಾನು ಕೇಳಲಿಲ್ಲ. ದಿಬ್ಬ ಹತ್ತುವಾಗ ಅವಳ ತಾಳ್ಮೆಯನ್ನು ನಾನು ಇಷ್ಟು ದಿನ ಮನಸ್ಸಿನಲ್ಲೇ ಹೊಗಳಿಕೊಂಡು ಬಂದಿದ್ದು ನೆನಪಾಗಿ ಕಸಿವಿಸಿಯಾಯಿತು. ಗೆದ್ದವರಿಗೆ ಕಾಯುವ ಅಭ್ಯಾಸ ತಪ್ಪುತ್ತದೆ, ಸೋತವರಿಗೆ ಕಾಯುವುದೇ ಸ್ವಭಾವವಾಗುತ್ತದೆ. ಇಬ್ಬರೂ ಒಂದೇ ನಿಯಮವನ್ನು ಪಾಲಿಸುತ್ತಿರುತ್ತಾರೆ.

ಚಂಪಕ್ಕ ಅಡುಗೆಮನೆಯಲ್ಲಿ ಹುರುಳಿಕಾಳು ಆರಿಸುತ್ತಿದ್ದಳು. ಕುಸುಮಾ ಅಂದದ್ದನ್ನು ಹೇಳಿದೆ. ಅವಳು ಮೊರವನ್ನು ಅಲುಗಾಡಿಸುವುದನ್ನು ನಿಲ್ಲಿಸಿದಳು. ದಪ್ಪ ಮೈಯ, ನಿಧಾನ ನಡಿಗೆಯ ಹೆಂಗಸು. ಯೋಚನೆ ಬಂದಾಗ ಮೂಗುತಿಯನ್ನು ಸುಮ್ಮನೆ ತಿರುಗಿಸುತ್ತಿದ್ದಳು. ಈಗಲೂ ತಿರುಗಿಸಿ, ನೀನು ಹೊಸದಾಗಿ ಬಂದಾಗ ಈ ಒಲೆಯ ಹತ್ತಿರ ಬರುತ್ತಲೇ ಇರಲಿಲ್ಲ, ನೆನಪಿದೆಯಾ ಎಂದು ಕೇಳಿದಳು.

ನೆನಪಿತ್ತು. ಒಂದೇ ಒಲೆ, ಅತ್ತೆ, ಚಂಪಕ್ಕ, ನಾನು. ಅವರಿಬ್ಬರಲ್ಲಿ ಯಾರಾದರೂ ಒಲೆಯ ಮುಂದೆ ಇರುತ್ತಿದ್ದರು. ನಾನು ಬಾಗಿಲಲ್ಲಿ ನಿಂತು ಹಿಂದಕ್ಕೆ ಹೋಗುತ್ತಿದ್ದೆ. ಯಾರೂ ಬರಬೇಡ ಎಂದಿರಲಿಲ್ಲ. ಖಾಲಿಯಾದಾಗ ಮಾಡಿಕೋ ಎಂದು ಅತ್ತೆ ಧಾರಾಳವಾಗಿಯೇ ಹೇಳಿದ್ದರು. ಆದರೆ ಖಾಲಿಯಾಗಿದೆ ಎಂದು ನಾನು ಧೈರ್ಯ ಮಾಡುವಷ್ಟರಲ್ಲಿ ಯಾರೋ ಬಂದು ಪಾತ್ರೆ ಇಟ್ಟಿರುತ್ತಿದ್ದರು. ತವರಿನ ಮೆಂತ್ಯದ ಗೊಜ್ಜು ಮಾಡಬೇಕೆಂಬ ಆಸೆ ತಿಂಗಳುಗಟ್ಟಲೆ ಹಾಗೇ ಇತ್ತು. ಒಂದು ದಿನ ಚಂಪಕ್ಕ ಪಾತ್ರೆ ಇಳಿಸಿ, ಜಗಲಿಯವರೆಗೂ ಕೇಳುವ ಹಾಗೆ "ವಾರಿಜಾ, ಒಲೆ ಈಗ ನಿನ್ನದು" ಎಂದು ಕರೆದಳು. ಹೆಸರು ಹಿಡಿದು ಕರೆದ ಮೇಲೆ ಅತ್ತೆ ಒಳಗೆ ಬರಲಿಲ್ಲ. ನಾನು ಹಿಂದೆ ಹೋಗಲಿಲ್ಲ. ಅಂದಿನಿಂದ ದಿನವೂ ಒಂದು ಹೊತ್ತು ಹಾಗೆ ಕರೆಯುತ್ತಿದ್ದಳು. ಆ ಮನೆ ನನ್ನದಾದದ್ದು ತಾಳಿ ಕಟ್ಟಿದ ದಿನವಲ್ಲ, ಆ ದಿನ.

"ಖಾಲಿ ಇದ್ದಾಗ ಬಾ ಅನ್ನೋದು ಎಲ್ಲರಿಗೂ ಒಂದೇ ಮಾತಲ್ಲ ಕಣೇ," ಎಂದಳು ಚಂಪಕ್ಕ. "ಕರೀಬೇಕು. ಎರಡೂ ಕಡೆ ಕೇಳಿಸೋದು ನಮಗೊಬ್ಬರಿಗೇ. ಕರೆದರೆ ನಾವೇ ಕರೀಬೇಕು."

ಕುಸುಮಾ ಎಂದು ನಾವೇ ಗಾಳಿಯಲ್ಲಿ ಕರೆದರೆ ಅದು ನಮ್ಮ ಸ್ವಂತ ಮಾತಾಗುತ್ತದೆ. ಕಟ್ಟು ಮುರಿದ ಹಾಗೆ. ಗಳು ಇಳಿಸುತ್ತಾರೆ. ಗಳು ಇಳಿದರೆ ಎರಡು ಮಗ್ಗುಲು ಎರಡು ಊರಾಗುತ್ತವೆ. ಇದನ್ನು ಹೇಳಿದೆ. ಅದಕ್ಕೇ ಮೊದಲು ಕೇಳೋಣ, ಆಮೇಲೆ ಕರೆಯೋಣ ಎಂದಳು. ಯಾರನ್ನು ಎಂದರೆ, ಮೂಡಲದಲ್ಲಿ ಯಾರು ಒಪ್ಪಿದರೆ ಎಲ್ಲರೂ ಒಪ್ಪುತ್ತಾರೋ ಅವರನ್ನು ಎಂದು ಹೇಳಿ ಮತ್ತೆ ಕಾಳು ಆರಿಸತೊಡಗಿದಳು.

ಮರುದಿನ ರುದ್ರಣ್ಣ ಎಣ್ಣೆಯ ಡಬ್ಬ ತಂದಿಳಿಸಿದಾಗ, ಬಿಸಿಲಿದೆ, ಊಟ ಮಾಡಿಕೊಂಡೇ ಹೋಗಬೇಕು ಎಂದು ಚಂಪಕ್ಕ ಹಟ ಹಿಡಿದಳು. ಅಂಗಳದ ತೆರೆದ ಜಾಗದಲ್ಲಿ, ಚಪ್ಪರದ ನೆರಳು ಮುಗಿಯುವ ಕಡೆ ಮಣೆ ಹಾಕಿ, ಪೆಟ್ಟಿಗೆಯನ್ನು ಬಾಗಿಲ ಹತ್ತಿರ ತಂದಿಟ್ಟಳು. ರುದ್ರಣ್ಣ ಕೆಟ್ಟವನಲ್ಲ. ದೊಡ್ಡ ಗಂಟಲು, ದೊಡ್ಡ ಕೈ. ಊರಿನಲ್ಲೇ ಎತ್ತರದ ಗಳು ಅವನದು. ನೆಟ್ಟವರೂ ನಮ್ಮ ಯಜಮಾನರೇ. ಹುಳಿ ಅನ್ನ ಮುಗಿಸಿ ಮೊಸರನ್ನಕ್ಕೆ ಕೈ ಹಾಕಿದಾಗ ಪೆಟ್ಟಿಗೆಯಲ್ಲಿ ಪಡುವಣದ ಬುಟ್ಟಿಯವಳ ದನಿ ಬಂತು. ಎರಡು ಪದ ಆಗಿರಲಿಲ್ಲ, ಗಾಣದಿಂದ ಅವನ ಮಗ ಹಿಂಡಿಯ ದರ ಕೂಗಿದ. ಗರಗಸದ ಸದ್ದು. ಪುಡಿ ಮೆಲ್ಲಗೆ ಇಳಿದು ರುದ್ರಣ್ಣನ ಮೊಸರನ್ನದ ಮೇಲೆ ಜೀರಿಗೆ ಪುಡಿ ಉದುರಿಸಿದ ಹಾಗೆ ಕೂತಿತು.

ಅವನು ಎಲೆಯನ್ನೂ ಆಕಾಶವನ್ನೂ ನೋಡಿದ. ಮೂಡಲದವರು ಈ ಪುಡಿಯ ವಿಷಯ ಕೇಳಿದ್ದರೇ ಹೊರತು ನೋಡಿದವರು ಕಡಿಮೆ. "ಇದು ಯಾರ ಮಾತಮ್ಮ?" ಎಂದು ಕೇಳಿದ.

"ಅರ್ಧ ನಿಮ್ಮದು, ಅರ್ಧ ಆ ಹೆಂಗಸಿಂದು," ಎಂದಳು ಚಂಪಕ್ಕ. "ಬೇರೆ ಮಾಡಿ ನಿಮ್ಮದಷ್ಟೇ ತಿನ್ನಿ, ನೋಡೋಣ."

ನಾನು ಸೆರಗು ಬಾಯಿಗೆ ಇಟ್ಟುಕೊಂಡೆ. ರುದ್ರಣ್ಣ ನಗಲಿಲ್ಲ. ತನ್ನ ಮನೆಯಲ್ಲಿ ಯಾರೂ ಕಿವಿಗೊಡದೆ ಗುಂಡಿ ಒತ್ತುವುದಿಲ್ಲ, ಒಂದು ಸಾಲು ಹೇಳಿಕೊಳ್ಳದೆ ಬಾಯಿ ತೆರೆಯುವುದಿಲ್ಲ, ಬೇಕಾದರೆ ಪ್ರಮಾಣ ಮಾಡುತ್ತೇನೆ ಎಂದ. ಅವನ ದನಿಯಲ್ಲಿ ನೋವಿತ್ತು.

"ನೀವು ತಪ್ಪಿಲ್ಲ ರುದ್ರಣ್ಣ. ಅವಳೂ ತಪ್ಪಿಲ್ಲ. ಇಬ್ಬರೂ ತಪ್ಪದೆ ನಡೆದದ್ದಕ್ಕೇ ಇದು ಬಿದ್ದಿರೋದು," ಎಂದು ಚಂಪಕ್ಕ ಎಲೆ ಬದಲಿಸಿ ಬೇರೆ ಮೊಸರನ್ನ ಬಡಿಸಿದಳು.

ಅವನು ಊಟ ಮುಗಿಸಿ ಎದ್ದು ಹೋಗಲಿಲ್ಲ. ಪೆಟ್ಟಿಗೆಯ ಮುಂದೆ ಕೂತು, ಬಿಸಿಲು ಇಳಿಯುವವರೆಗೂ ಎರಡೂ ಮಗ್ಗುಲನ್ನು ಕೇಳಿದ. ನಡುವೆ ಒಂದು ಸಲ 'ಪಡುವಣ ಕುಸು' ಬಂತು. ಆಗ ಮೂಡಲದಲ್ಲಿ ಶಾಲೆಯ ಮೇಷ್ಟ್ರು ಮಾತಾಡಿದರು. ರುದ್ರಣ್ಣ ತನ್ನ ತೊಡೆಯ ಮೇಲೆ ತಾನೇ ಹೊಡೆದುಕೊಂಡ. ಪರಮೇಶಿ ಕೇಳಿದ್ದು ಮೂಡಲದವರಿಗೆಲ್ಲ ಗೊತ್ತಿತ್ತಲ್ಲ, ಅಂದರೆ ಗೊತ್ತಿರಲಿಲ್ಲವಲ್ಲ. ಅವಳು ಉತ್ತರವನ್ನೇ ಕೊಟ್ಟಿಲ್ಲ, ಕೊಬ್ಬು ಎಂದು ಅಲ್ಲಿ ಎಲ್ಲರೂ ಮನಸ್ಸಿನಲ್ಲೇ ಅಂದುಕೊಂಡಿದ್ದರಂತೆ.

ಚಂಪಕ್ಕ ಆಗ ತನ್ನ ಯೋಚನೆ ಹೇಳಿದಳು. ಮಾತು ದಾಟಿಸಬೇಕಾದವರು ಗುಂಡಿಯನ್ನು ಚಿಟಿಕೆ ಹೊಡೆದ ಹಾಗೆ ಒತ್ತಿ ಬಿಡಲಿ, ಪ್ರತಿ ಮನೆಗೂ ಅದರದೇ ಚಿಟಿಕೆ. ಚಿಟಿಕೆ ಸಣ್ಣದು, ಅಷ್ಟು ಸುಲಭವಾಗಿ ಡಿಕ್ಕಿಯಾಗುವುದಿಲ್ಲ. ಬಂದ ಸರದಿಯಲ್ಲಿ ದಿಬ್ಬದಿಂದ ಹೆಸರು ಕರೆಯುತ್ತೇವೆ. ಹೆಸರು ಎರಡೂ ಕಡೆಗೂ ಕೇಳುತ್ತದೆ. ಕರೆಸಿಕೊಂಡವರು ಮಾತಾಡಲಿ, ಉಳಿದವರು ಅಷ್ಟು ಹೊತ್ತು ಕೈ ಮಡಿಲಲ್ಲಿ ಇಟ್ಟುಕೊಳ್ಳಲಿ.

ರುದ್ರಣ್ಣ ವ್ಯಾಪಾರದ ಮನುಷ್ಯ, ತೂಕ ನೋಡದೆ ತೆಗೆದುಕೊಳ್ಳುವವನಲ್ಲ. "ಸರಿ. ಆದ್ರೆ ಊರಿನ ಬಾಯೆಲ್ಲ ನಿಮ್ಮ ಕೈಗೆ ಕೊಟ್ಟಂಗಾಯ್ತಲ್ಲ ಚಂಪಕ್ಕ. ನಿಮಗೆ ಬೇಕಾದವರನ್ನ ಮೊದಲು ಕರೆದರೆ? ನಿಮ್ಮನ್ನ ನಂಬೋದು ಹೆಂಗೆ?"

ಅದು ನ್ಯಾಯವಾದ ಪ್ರಶ್ನೆ. ಚಂಪಕ್ಕ ಮೂಗುತಿ ತಿರುಗಿಸಿದಳು. ಯಾರು ಯಾವಾಗ ಬೇಕಾದರೂ ಬಂದು ಈ ಜಗಲಿಯಲ್ಲಿ ಕೂತು ನೋಡಬಹುದು ಎಂದಳು. ಆಮೇಲೆ, "ನಮ್ಮ ಮನೆ ಹೆಸರು ನಾವು ಎಂದಿಗೂ ಕರ್ಕೊಳ್ಳಲ್ಲ," ಎಂದಳು.

ರುದ್ರಣ್ಣ ತಲೆ ಆಡಿಸಿದ. ನನಗೆ ಮಾತ್ರ ಯಾರೋ ಒಳಗಿನಿಂದ ಏನನ್ನೋ ಎತ್ತಿಕೊಂಡು ಹೋದಂತಾಯಿತು. ಇಷ್ಟು ವರ್ಷ ನಮಗೆ ಮಾತಿಲ್ಲ ಎಂಬುದು ಹಿಂದಿನವರು ಹಾಕಿದ ಕಟ್ಟಾಗಿತ್ತು. ಎಂದೋ ಒಂದು ದಿನ ಸಡಿಲಾದೀತು ಎಂದು ನಾನು ಯಾರಿಗೂ ಹೇಳದೆ ಅಂದುಕೊಂಡಿದ್ದೆ. ಈಗ ಅದನ್ನು ಚಂಪಕ್ಕ ತಾನಾಗಿಯೇ ಕೊಟ್ಟುಬಿಟ್ಟಿದ್ದಳು, ನನ್ನ ಪಾಲನ್ನೂ ಸೇರಿಸಿ, ನನ್ನನ್ನು ಕೇಳದೆ. ಅವನು ಹೋದ ಮೇಲೆ ನಾನು ಎಲೆ ಎತ್ತಿ ಗೋಮಯ ಬಳಿದು ಒಂದೂ ಮಾತಾಡದೆ ಒಳಗೆ ಹೋದೆ. ಅವಳು ಹಿಂದೆಯೇ ಬಂದಳು. ಬೇರೆ ಏನು ಕೊಟ್ಟಿದ್ದರೂ ಅವರು ನಂಬುತ್ತಿರಲಿಲ್ಲ ಎಂದಳು. ನನ್ನ ಹೆಗಲಿಗೆ ತನ್ನ ದಪ್ಪ ಹೆಗಲನ್ನು ತಾಗಿಸಿ ನಿಂತು, "ಮಾತಾಡೋಕೆ ನಮಗೆ ನಾವಿಬ್ಬರಿದ್ದೀವಲ್ಲೇ," ಎಂದಳು. ಸಿಟ್ಟು ಪೂರ್ತಿ ಹೋಗಲಿಲ್ಲ. ಈಗಲೂ ಒಂದು ಚೂರು ಇದೆ. ಆದರೆ ಆ ಕ್ಷಣ ಅವಳ ಮುಖ ನೋಡಿದಾಗ ಅನಿಸಿತು, ನನಗಿಂತ ಮೊದಲಿನಿಂದ ಆ ಪೆಟ್ಟಿಗೆಯ ಮುಂದೆ ಕೂತವಳು ಇವಳು. ಕೊಟ್ಟದ್ದರಲ್ಲಿ ನನ್ನ ಪಾಲಿಗಿಂತ ಇವಳ ಪಾಲೇ ದೊಡ್ಡದು. ಇಂಥ ಹೆಂಗಸಿನ ಜೊತೆ ಒಂದೇ ಒಲೆಯಲ್ಲಿ ಅಡುಗೆ ಮಾಡಿದ್ದು ನನ್ನ ಪುಣ್ಯ ಎಂದು ನಾನು ಯಾರ ಮುಂದೆ ಬೇಕಾದರೂ ಹೇಳಬಲ್ಲೆ.

ರುದ್ರಣ್ಣ ಅಂದೇ ಸಂಜೆ ಮೂಡಲಕ್ಕೆ ಹೇಳಿದ. ಅವನು ಹೇಳಿದ್ದನ್ನು ನಾನು ಪಡುವಣಕ್ಕೆ ದಾಟಿಸಿದೆ. ತಕರಾರುಗಳು ಬಂದವು. ಶಾಲೆಯ ಮೇಷ್ಟ್ರು ಗಾಳಿಗೂ ಕಾವಲುಗಾರರೇ ಎಂದು ಕೇಳಿದರು. ಪಡುವಣದ ಒಬ್ಬ ಅಜ್ಜಿ ಸತ್ತ ಮೇಲಾದರೂ ತನ್ನ ಹೆಸರು ಕರೆಯುತ್ತೀರಾ ಎಂದು ಹಂಗಿಸಿದಳು. ಕೊನೆಗೆ ಈ ಹುಣ್ಣಿಮೆಯವರೆಗೆ ಮಾಡಿ ನೋಡೋಣ, ಸರಿಬಾರದಿದ್ದರೆ ಬಿಡೋಣ ಎಂದು ಎರಡೂ ಕಡೆ ಒಪ್ಪಿಕೊಂಡರು. ಹುಣ್ಣಿಮೆಗೆ ಉಳಿದಿದ್ದದ್ದು ಒಂದೇ ದಿನ.

ಬೆಳಿಗ್ಗೆ ಚಿಟಿಕೆಗಳು ಬಂದವು. ಚಂಪಕ್ಕ ಕರೆದಳು, ನಾನು ದಾಟಿಸಿದೆ. ಎಣ್ಣೆ, ಶಾಲೆ, ನೂಲು, ಒಬ್ಬರ ಹಲ್ಲುನೋವು. ಕುಸುಮಾಳ ಚಿಟಿಕೆ ಬರಲಿಲ್ಲ. ಮಧ್ಯಾಹ್ನವಾಯಿತು. ಅವಳು ಇನ್ನೂ ಹಾಡು ಹೇಳಿಕೊಳ್ಳುತ್ತಿದ್ದಾಳೆ ಎಂದು ನನಗೆ ಹೊಳೆಯಿತು. ಹೊಸ ಪದ್ಧತಿ ಬಂದರೂ ಹಳೆಯ ಬಾಕಿ ಕಾಯುವುದನ್ನು ಮುಗಿಸದೆ ಗುಂಡಿ ಮುಟ್ಟುವವಳಲ್ಲ ಅವಳು. ಚಂಪಕ್ಕನಿಗೆ ಹೇಳಿದೆ. ಚಿಟಿಕೆ ಬಾರದೆ ಹೆಸರು ಕರೆಯುವಂತಿಲ್ಲ, ಮೊದಲ ದಿನವೇ ಹಾಗೆ ಮಾಡಿದರೆ ರುದ್ರಣ್ಣ ಕೇಳಿದ್ದು ನಿಜವಾಗುತ್ತದೆ ಎಂದಳು. ಇಬ್ಬರೂ ಪೆಟ್ಟಿಗೆಯನ್ನು ನೋಡುತ್ತಾ ಕೂತೆವು. ಬಿಸಿಲು ಪಡುವಣಕ್ಕೆ ವಾಲಿತು. ಆಗ ಬಂತು, ಬಟ್ಟೆಗೆ ಸೂಜಿ ಚುಚ್ಚಿದಷ್ಟು ಮೆಲ್ಲಗೆ ಒಂದು ಚಿಟಿಕೆ.

"ಪಡುವಣ ಕುಸುಮಾ," ಎಂದು ಚಂಪಕ್ಕ ಪೂರ್ತಿ ಹೆಸರನ್ನು ಕರೆದಳು. "ಈಗ ನೀವು."

ಎರಡೂ ಮಗ್ಗುಲಿನ ಮಾತು ನಿಂತುಹೋಯಿತು. ಗಾಣದ ಸದ್ದೂ ಇರಲಿಲ್ಲ. ರುದ್ರಣ್ಣ ಎತ್ತು ಬಿಚ್ಚಿಸಿದ್ದ ಎಂದು ಆಮೇಲೆ ತಿಳಿಯಿತು. ಅಂಥ ಮೌನವನ್ನು ನಾನು ಆ ಪೆಟ್ಟಿಗೆಯಲ್ಲಿ ಕೇಳಿದ್ದಿಲ್ಲ. ಸಾಸಿವೆ ಸಿಡಿಯುವಷ್ಟು ಹೊತ್ತು ಕಳೆಯಿತು. ಅವಳು ಮಾತಾಡಲಿಲ್ಲ. ಇನ್ನೂ ಅಷ್ಟು ಹೊತ್ತು. ಯಾರೂ ನಡುವೆ ಬರಲಿಲ್ಲ. ಈ ಜನ, ಈ ಜಗಳಗಂಟ ಜನ, ಕೈ ಮಡಿಲಲ್ಲಿ ಇಟ್ಟುಕೊಂಡು ಒಬ್ಬಳಿಗಾಗಿ ಕಾದರು.

"ಪಡುವಣ ಕುಸುಮಾ," ಎಂದಿತು ಕೊನೆಗೆ ದನಿ. "ಮೂಡಲ ಪರಮೇಶಿಯವರಿಗೆ. ನನಗೆ ಒಪ್ಪಿಗೆ ಇದೆ. ಆದರೆ ನಾನು ಈ ಮನೆ ಬಿಟ್ಟು ಆ ಕಡೆ ಬರಲ್ಲ. ಈ ಮೆಷಿನ್ನು, ಈ ಕಿಟಕಿ ನಾನೇ ಮಾಡ್ಕೊಂಡಿದ್ದು. ನೀವು ಈ ಕಡೆ ಬರೋದಾದ್ರೆ ಬನ್ನಿ."

ಅಷ್ಟು ದಿನ ಅವಳು ಆಡಿ ಪುಡಿಯಾಗುತ್ತಿದ್ದ ಮಾತು ಇದಾಗಿರಲಿಲ್ಲ. ಅವಳ ನೆರೆಯವರು, ಕೇಳಿಯೂ ಕೇಳದ ಆ ಜನ, ಮುಂದೆ ಒಂದು ದಿನ ನನಗೆ ಹೇಳಿದರು. ಮೊದಲೆಲ್ಲ ಅವಳು ಹೇಳುತ್ತಿದ್ದದ್ದು 'ಆಗಲಿ' ಎಂಬ ಒಂದೇ ಪದವಂತೆ. ಬೇಗ ಮುಗಿಯಬೇಕು, ಯಾರಿಗೂ ಅಡ್ಡಿಯಾಗಬಾರದು, ಅದಕ್ಕೆ ಎಷ್ಟು ಹಿಡಿಸುತ್ತದೋ ಅಷ್ಟು. ಜಾಗ ಸಿಕ್ಕಾಗ ಅವಳೊಳಗೆ ಇದ್ದದ್ದು ಇಷ್ಟು ಎಂದು ಅವಳಿಗೂ ಅಂದೇ ತಿಳಿದಿರಬೇಕು.

'ಕೇಳಿಸಿತು' ಎಂದು ಚಂಪಕ್ಕ ಹೇಳಿದಳು. ದಾಟಿಸುವ ಸರದಿ ನನ್ನದು. ಗುಂಡಿ ಒತ್ತಿದೆ. 'ನಾನು ಈ ಮನೆ ಬಿಟ್ಟು ಆ ಕಡೆ ಬರಲ್ಲ' ಎಂದು ನನ್ನ ದನಿ ಹೇಳುತ್ತಿರುವಾಗ ಬಾಗಿಲಲ್ಲಿ ನಿಂತಿದ್ದ ನಮ್ಮ ಯಜಮಾನರು ತಟ್ಟನೆ ನನ್ನ ಕಡೆ ನೋಡಿದರು. ಮಾತು ಅವಳದೇ ಎಂದು ಗೊತ್ತಿದ್ದರೂ ನೋಡಿದರು. ನಾನು ಒಂದು ಅಕ್ಷರವನ್ನೂ ಮೆತ್ತಗೆ ಮಾಡಲಿಲ್ಲ.

ಮೂಡಲದಿಂದ ಬಹಳ ಹೊತ್ತು ಏನೂ ಬರಲಿಲ್ಲ. ಚಂಪಕ್ಕ ಮೂಗುತಿ ತಿರುಗಿಸಿದಳು. ಆಮೇಲೆ ಒಂದು ಚಿಟಿಕೆ. ಮೂಡಲ ಪರಮೇಶಿ, ಈಗ ನೀವು.

"ನನ್ನ ಕೆಲಸಕ್ಕೂ ಬೆಳಕು ಬೇಕು. ಸಣ್ಣ ಸಣ್ಣ ಹಲ್ಲಿನ ಚಕ್ರ. ನಿಮ್ಮ ಮನೇಲಿ ಇನ್ನೊಂದು ಕಿಟಕಿ ಇದೆಯಾ?"

ಚಿಟಿಕೆ. ಪಡುವಣ ಕುಸುಮಾ, ಈಗ ನೀವು.

"ಇಲ್ಲ. ಇರೋದು ಒಂದೇ."

ಚಿಟಿಕೆ. ಮೂಡಲ ಪರಮೇಶಿ.

"ಹಾಗಾದ್ರೆ ಹೊತ್ತು ಹಂಚ್ಕೊಳ್ಳೋಣ. ನಿಮಗೆ ಯಾವ ಹೊತ್ತು ಬೇಕು ಅಂತ ನೀವೇ ಮೊದಲು ಹೇಳಿ."

ದಾಟಿಸಿದೆ. ಇಡೀ ಊರು ಕಿವಿಗೊಟ್ಟಿತ್ತು. ಇನ್ನೊಬ್ಬರ ಮಾತು ಕೇಳದ ಊರು. ಈ ಸಲ ಪಡುವಣದಿಂದ ಚಿಟಿಕೆ ಬರುವುದಕ್ಕೆ ಸ್ವಲ್ಪವೂ ತಡವಾಗಲಿಲ್ಲ.

"ಮಧ್ಯಾಹ್ನದ ಬೆಳಕು ನಂದು," ಎಂದಳು ಕುಸುಮಾ.